ಹೊಂಡದ ರಾಡಿ ನೀರನ್ನು ತಿಳಿ ಮಾಡುವುದು ಹೇಗೆ?

(ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸದ ಪಠ್ಯ)



ಮೇವಿನ ಬಗ್ಗೆ, ಹಿಂಡಿಯ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ ಇಂಥ ಸಭೆಗಳಲ್ಲಿ ಎಷ್ಟೋ ಸಲ ಮಾತನಾಡಿದ್ದೇವೆ. ನೀರಿನ ವಿಷಯ ಮಾತ್ರ ಯಾವಾಗಲೂ ಕೊನೆಗೆ ಉಳಿದುಬಿಡುತ್ತದೆ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ಇರುವುದು ನೀರೇ. ದಿನಕ್ಕೆ 10 ಲೀಟರು ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ 50-60 ಲೀಟರು ನೀರು ಬೇಕು. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಇನ್ನೂ ಹೆಚ್ಚು ಬೇಕು. ಎಮ್ಮೆಯ ಮಾತು ಹೇಳುವುದೇ ಬೇಡ.

ನಮ್ಮ ಕರಾವಳಿಯ ವಿಚಿತ್ರ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಊರು ನಮ್ಮದು. ಆದರೆ ಚಿರೆಕಲ್ಲಿನ ನೆಲ ಜರಡಿಯ ಹಾಗೆ. ಯುಗಾದಿ ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳ ಬಾವಿ ತಳ ಕಾಣುತ್ತದೆ. ಆಗ ಉಳಿಯುವುದು ತೋಟದ ಬುಡದ ಹೊಂಡ ಅಥವಾ ಗದ್ದೆ ಮೂಲೆಯ ಕೆರೆ. ದನ ಅದರಲ್ಲೇ ಇಳಿಯುತ್ತದೆ, ಅದರಲ್ಲೇ ಕುಡಿಯುತ್ತದೆ, ಅದರಲ್ಲೇ ಗಂಜಲ ಹೊಯ್ಯುತ್ತದೆ. ವಾರದೊಳಗೆ ನೀರು ಚಹಾದ ಬಣ್ಣಕ್ಕೋ, ಕೆಮ್ಮಣ್ಣಿನ ಬಣ್ಣಕ್ಕೋ ತಿರುಗುತ್ತದೆ. ನಮ್ಮ ಮಲೆನಾಡು ಗಿಡ್ಡ ಅದನ್ನೂ ಕುಡಿದು ಸುಮ್ಮನಿರಬಹುದು. ಜರ್ಸಿ ಮಿಶ್ರತಳಿಯ ಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ. ನೀರು ಕಡಿಮೆ ಕುಡಿದ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಆಗ ನಾವು ಮಾಡುವುದೇನು? ಇನ್ನೊಂದು ಸೇರು ಹಿಂಡಿ ಹೆಚ್ಚು ಹಾಕುತ್ತೇವೆ. ಹಿಂಡಿ ಹೆಚ್ಚಿಸುವ ಮೊದಲು ಒಂದು ಬಕೆಟ್ ತಿಳಿ ನೀರು ಮುಂದಿಟ್ಟು ನೋಡಿ ಎಂಬುದು ನನ್ನ ಸಲಹೆ.

ಹಾಗಾದರೆ ರಾಡಿಯನ್ನು ಹೋಗಲಾಡಿಸುವುದು ಹೇಗೆ? ಪೇಟೆಗೆ ಹೋಗಿ ಔಷಧಿ ತರುವ ಮೊದಲು ಯಾವ ರಾಡಿ ಎಂದು ತಿಳಿಯಬೇಕು. ಜ್ವರ ಎಂದ ಮಾತ್ರಕ್ಕೆ ಎಲ್ಲ ಜ್ವರಕ್ಕೂ ಒಂದೇ ಚುಚ್ಚುಮದ್ದು ಹಾಕುವುದಿಲ್ಲವಷ್ಟೆ.

ಬಣ್ಣವಿಲ್ಲದ ಒಂದು ಗಾಜಿನ ಬಾಟಲಿಯಲ್ಲಿ ಹೊಂಡದ ನೀರು ತುಂಬಿ, ಅಲುಗಾಡದ ಜಾಗದಲ್ಲಿ ಇಡಿ. ಮರುದಿನವೇ ಮಣ್ಣು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಅದು ದಪ್ಪ ಮಣ್ಣು, ಹೂಳು. ಹಾಗಿದ್ದೂ ಹೊಂಡದಲ್ಲಿ ಅದು ಇಳಿಯುತ್ತಿಲ್ಲವೆಂದರೆ ಯಾರೋ ದಿನಾ ಕಲಕುತ್ತಿದ್ದಾರೆ ಎಂದರ್ಥ. ದನ ಕಲಕುತ್ತಿರಬಹುದು, ಮೀನು ಕಲಕುತ್ತಿರಬಹುದು. ಸಾಮಾನ್ಯ ಗೆಂಡೆ ಮೀನು ತಳದ ಕೆಸರನ್ನು ಕೆದಕಿ ತಿನ್ನುವ ಜಾತಿ. ಅದನ್ನು ಹೆಚ್ಚಾಗಿ ಬಿಟ್ಟ ಹೊಂಡ ಎಂದೂ ತಿಳಿಯಾಗದು. ಇಲ್ಲಿ ಔಷಧಿಗೆ ಕೆಲಸವಿಲ್ಲ. ಕಲಕುವುದನ್ನು ನಿಲ್ಲಿಸಿದರೆ ಸಾಕು.

ಬಾಟಲಿ ಒಂದು ವಾರ ಇಟ್ಟರೂ ನೀರು ಹಾಗೇ ಮಬ್ಬಾಗಿ ಉಳಿದರೆ ಅದು ಜೇಡಿಯ ಅತಿ ಸಣ್ಣ ಕಣ. ಇದೇ ನಿಜವಾದ ತೊಂದರೆ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ನೀರು ಹಸಿರಾಗಿದ್ದರೆ ಅದು ಪಾಚಿ. ಗೊಬ್ಬರದ ಗುಂಡಿಯ ಅಥವಾ ಗೋಬರ್ ಗ್ಯಾಸಿನ ಬಗ್ಗಡ ಹರಿದು ಹೊಂಡ ಸೇರುತ್ತಿದೆಯೇ ನೋಡಿ. ಬಾಟಲಿಯಲ್ಲಿ ನೀರು ಪಾರದರ್ಶಕವಾಗಿದ್ದು ಕಂದು ಬಣ್ಣ ಮಾತ್ರ ಇದ್ದರೆ ಅದು ಎಲೆಯ ಕಷಾಯ. ಅಡಿಕೆ ಸೋಗೆ, ಗೇರು ಎಲೆ, ತೆಂಗಿನ ಸಿಪ್ಪೆ ಬಿದ್ದು ಕೊಳೆಯುವುದರಿಂದ ಬರುವಂಥದ್ದು. ಎಲೆ ತೆಗೆಯುವುದೇ ಇದಕ್ಕೆ ಮದ್ದು.

ಇನ್ನೊಂದು ಬಗೆಯನ್ನು ಅನೇಕರು ತಪ್ಪು ತಿಳಿಯುತ್ತಾರೆ. ಚಿರೆಕಲ್ಲಿನ ಒರತೆ ಇರುವ ಕಡೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ, ಅಂಚಿನಲ್ಲಿ ತುಕ್ಕಿನ ಬಣ್ಣದ ಲೋಳೆ ಕಾಣುತ್ತದೆ. "ಪಂಪಿನ ಡೀಸೆಲ್ ಬಿದ್ದಿದೆ ಡಾಕ್ಟ್ರೇ" ಎನ್ನುತ್ತಾರೆ. ಒಂದು ಕಡ್ಡಿಯಿಂದ ಆ ಪದರವನ್ನು ಮುಟ್ಟಿ. ಗಾಜಿನಂತೆ ಚೂರುಚೂರಾಗಿ ಒಡೆದರೆ ಅದು ಕಬ್ಬಿಣದ ಅಂಶದ ಮೇಲೆ ಬದುಕುವ ಸೂಕ್ಷ್ಮಜೀವಿಗಳ ಪದರ. ಒಡೆಯದೆ ಮತ್ತೆ ಕೂಡಿಕೊಂಡರೆ ಎಣ್ಣೆ. ಕಬ್ಬಿಣದ ನೀರನ್ನು ತೊಟ್ಟಿಗೆ ಎತ್ತರದಿಂದ ಧಾರೆಯಾಗಿ ಬೀಳಿಸಿ, ಒಂದು ರಾತ್ರಿ ನಿಲ್ಲಿಸಿದರೆ ತುಕ್ಕು ತಳಕ್ಕೆ ಕೂರುತ್ತದೆ. ಮೇಲಿನ ನೀರು ದನಕ್ಕೆ ಕೊಡಬಹುದು.

ಈಗ ಜೇಡಿಯ ವಿಷಯ. ಜೇಡಿಯ ಕಣ ಎಷ್ಟು ಸಣ್ಣದೆಂದರೆ ತನ್ನ ಭಾರಕ್ಕೆ ತಾನು ಮುಳುಗದು. ಜೊತೆಗೆ ಪ್ರತಿ ಕಣದ ಮೈಮೇಲೂ ಒಂದೇ ಬಗೆಯ ವಿದ್ಯುದಂಶ, ಋಣಾಂಶ ಇರುತ್ತದೆ. ಹಾಗಾಗಿ ಒಂದನ್ನೊಂದು ದೂಡುತ್ತಲೇ ಇರುತ್ತವೆ, ಹತ್ತಿರ ಬರುವುದಿಲ್ಲ. ಹತ್ತಿರ ಬಂದು ಗಂಟು ಕಟ್ಟಿದರೆ ಮಾತ್ರ ಭಾರವಾಗಿ ತಳ ಸೇರುತ್ತವೆ. ಇದಕ್ಕೆ ಪುಸ್ತಕ ಬೇಡ, ನಮ್ಮ ಅಘನಾಶಿನಿಯೇ ಸಾಕು. ಮಳೆಗಾಲದಲ್ಲಿ ಘಟ್ಟದಿಂದ ಕೆಂಪಾಗಿ ಇಳಿದು ಬರುವ ನೀರು ಅಳಿವೆಯ ಹತ್ತಿರ ಉಪ್ಪುನೀರಿಗೆ ಸೇರಿದಾಗ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಹರಿವಿನ ವೇಗ ಕಡಿಮೆಯಾಗುವುದು ಒಂದು ಕಾರಣ. ಸಮುದ್ರದ ಉಪ್ಪು ಕಣಗಳ ಜಗಳ ಬಿಡಿಸಿ ಅವುಗಳನ್ನು ಒಟ್ಟುಗೂಡಿಸುವುದು ಇನ್ನೊಂದು. ಗಜನಿ ಭೂಮಿಯ ಕೆಸರು ಹೀಗೆ ಸೇರಿದ್ದೇ. ಹಾಗೆಂದು ಹೊಂಡಕ್ಕೆ ಉಪ್ಪು ಸುರಿಯಬೇಡಿ. ಉಪ್ಪು ಮಾಡುವ ಕೆಲಸವನ್ನೇ ಪಟಿಕ ಅಥವಾ ಜಿಪ್ಸಂ ತೀರಾ ಕಡಿಮೆ ಪ್ರಮಾಣದಲ್ಲಿ ಮಾಡುತ್ತದೆ.

ಮೊದಲು ಹೊಂಡದಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಬೇಕು. ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ. ಬಂದದ್ದನ್ನು 28ರಿಂದ ಗುಣಿಸಿದರೆ ಹೆಚ್ಚುಕಡಿಮೆ ಲೀಟರು ಸಿಗುತ್ತದೆ. ಉದಾಹರಣೆಗೆ 30 ಅಡಿ ಉದ್ದ, 30 ಅಡಿ ಅಗಲ, ಸರಾಸರಿ 6 ಅಡಿ ಆಳದ ಹೊಂಡದಲ್ಲಿ 5,400 ಘನ ಅಡಿ, ಅಂದರೆ ಸುಮಾರು ಒಂದೂವರೆ ಲಕ್ಷ ಲೀಟರು ನೀರು. ಸರಾಸರಿ ಆಳ ಎಂದೆ. ನಡುವಿನ ಆಳ ಅಲ್ಲ. ಬಿದಿರ ಗಳು ಹಿಡಿದು ನಾಲ್ಕೈದು ಕಡೆ ಅಳೆಯಿರಿ.

ನಂತರ ಬಾಟಲಿ ಪರೀಕ್ಷೆ. ಅಂಗಡಿಯಲ್ಲಿ ಆಲಂ ಎಂದು ಕೊಡುವ ಪಟಿಕವನ್ನು ಪುಡಿ ಮಾಡಿ, 10 ಗ್ರಾಂ ತೂಗಿ, ಒಂದು ಲೀಟರು ತಿಳಿ ನೀರಿನಲ್ಲಿ ಕರಗಿಸಿ. ಒಂದೊಂದು ಲೀಟರಿನ ಐದು ಬಾಟಲಿಗಳಲ್ಲಿ ಹೊಂಡದ ನೀರು ತುಂಬಿ. ಒಂದನ್ನು ಹಾಗೇ ಬಿಡಿ. ಉಳಿದ ನಾಲ್ಕಕ್ಕೆ ಸೂಜಿ ಇಲ್ಲದ ಹೊಸ ಸಿರಿಂಜಿನಿಂದ 1, 1.5, 2 ಮತ್ತು 2.5 ಎಂ.ಎಲ್. ಪಟಿಕದ ನೀರು ಹಾಕಿ. ನಾಲ್ಕೈದು ಸಲ ಮೆಲ್ಲಗೆ ತಿರುವಿಹಾಕಿ ಇಟ್ಟುಬಿಡಿ. ಒಂದು ಗಂಟೆಯೊಳಗೆ ಹಾಲು ಒಡೆದಂತೆ ಸಣ್ಣ ಸಣ್ಣ ಗರಣೆ ಕಾಣಿಸಿಕೊಂಡು ಕೆಳಗೆ ಇಳಿಯಬೇಕು. ಯಾವ ಬಾಟಲಿ ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ತಿಳಿಯಾಯಿತೋ ಅದೇ ನಿಮ್ಮ ಹೊಂಡದ ಪ್ರಮಾಣ. ಲೆಕ್ಕ ಬಹಳ ಸುಲಭ: ಬಾಟಲಿಗೆ ಎಷ್ಟು ಎಂ.ಎಲ್. ಹಿಡಿಯಿತೋ, ಲಕ್ಷ ಲೀಟರಿಗೆ ಅಷ್ಟು ಕಿಲೋ. 2 ಎಂ.ಎಲ್. ಆದರೆ ನಮ್ಮ ಉದಾಹರಣೆಯ ಹೊಂಡಕ್ಕೆ 3 ಕಿಲೋ ಪಟಿಕ. ಲಕ್ಷ ಲೀಟರಿಗೆ ಎರಡೂವರೆ ಕಿಲೋ ದಾಟಬಾರದು. ಅಷ್ಟಕ್ಕೂ ತಿಳಿಯಾಗದಿದ್ದರೆ ಪಟಿಕ ಅಲ್ಲಿಗೆ ಮದ್ದಲ್ಲ.

ಇಲ್ಲಿ ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ನಮ್ಮ ಮಣ್ಣು ಹುಳಿ, ನಮ್ಮ ನೀರು ಮೆದು. ಸೋಪು ಮುಟ್ಟಿಸಿದರೆ ಸಾಕು, ನೊರೆ ಬರುತ್ತದೆ. ಇಂಥ ನೀರಿಗೆ ಪಟಿಕ ಒಂದನ್ನೇ ಹಾಕಿದರೆ ನೀರು ಇನ್ನಷ್ಟು ಹುಳಿಯಾಗಿ ಗರಣೆ ಸರಿಯಾಗಿ ಕಟ್ಟುವುದಿಲ್ಲ. ಮೀನಿದ್ದರೆ ಸಾಯುತ್ತವೆ. ಆದ್ದರಿಂದ ಪಟಿಕದ ಅರ್ಧ ತೂಕದಷ್ಟು ಅರಳಿದ ಸುಣ್ಣವನ್ನು ಮೊದಲು ಕೊಡಬೇಕು. 3 ಕಿಲೋ ಪಟಿಕಕ್ಕೆ ಒಂದೂವರೆ ಕಿಲೋ ಸುಣ್ಣ. ಬಾಟಲಿಯಲ್ಲೂ ಹೀಗೆಯೇ ನೋಡಬಹುದು. 5 ಗ್ರಾಂ ಸುಣ್ಣವನ್ನು ಒಂದು ಲೀಟರು ನೀರಿನಲ್ಲಿ ಕಲಸಿ, ಚೆನ್ನಾಗಿ ಅಲುಗಾಡಿಸಿ, ಪಟಿಕದ ನೀರಿನಷ್ಟೇ ಎಂ.ಎಲ್. ಸುಣ್ಣದ ನೀರನ್ನು ಮೊದಲು ಹಾಕಿ. ಪೂರ್ತಿ ಹೊಂಡಕ್ಕೆ ಹಾಕುವಾಗ ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಕಲಸಬೇಕು, ಒಂದೇ ಪಾತ್ರೆಯಲ್ಲಿ ಕೂಡಿಸಬಾರದು. ಗಾಳಿ ಇಲ್ಲದ ಬೆಳಿಗ್ಗೆ ಹೊತ್ತು ಮೊದಲು ಸುಣ್ಣದ ನೀರು, ಅದು ಬೆರೆತ ಮೇಲೆ ಪಟಿಕದ ನೀರು ಇಡೀ ಮೇಲ್ಮೈಗೆ ಚಿಮುಕಿಸಿ. ಬಿದಿರಿನಿಂದ ಒಮ್ಮೆ ಆಡಿಸಿ ಬಿಟ್ಟುಬಿಡಿ. ಎರಡು ದಿನ ದನ ಇಳಿಸಬೇಡಿ.

ಸುಣ್ಣ ಎಂದೊಡನೆ ಕೆಲವರು ಚಿಪ್ಪಿಸುಣ್ಣ ತರುತ್ತಾರೆ. ಅಳಿವೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣವಾದರೂ ಚಿಂತೆಯಿಲ್ಲ, ಆದರೆ ಅದು ಪೂರ್ತಿ ಅರಳಿ ತಣ್ಣಗಾಗಿರಬೇಕು. ಸುಟ್ಟ ಸುಣ್ಣದ ಉಂಡೆಯನ್ನು ನೇರವಾಗಿ ಹೊಂಡಕ್ಕೆ ಹಾಕಿದರೆ ಬಿಸಿಯೂ ಖಾರವೂ ಆಗಿ ನೀರು ಬಾಯಿಗಿಡಲು ಬಾರದಂತಾಗುತ್ತದೆ. ನಿಮ್ಮ ಕಣ್ಣಿಗೂ ಅಪಾಯ. ಸುಡದ ಚಿಪ್ಪಿನ ಪುಡಿ ನಿಧಾನ ಸ್ವಭಾವದ್ದು. ಅದು ರಾಡಿ ಇಳಿಸದು, ನೀರಿನ ಹುಳಿಯನ್ನು ಮಾತ್ರ ತಗ್ಗಿಸುತ್ತದೆ.

ಪಟಿಕದ ಈ ಲೆಕ್ಕಾಚಾರವೆಲ್ಲ ಬೇಡ ಎನ್ನುವವರಿಗೆ ಜಿಪ್ಸಂ ಇದೆ. ಲಕ್ಷ ಲೀಟರಿಗೆ 20ರಿಂದ 30 ಕಿಲೋ ಬೇಕು, ಹೊರುವ ಶ್ರಮ ಹೆಚ್ಚು. ಫಲ ಕಾಣಲು ಕೆಲವು ದಿನ ಹಿಡಿಯುತ್ತದೆ. ಆದರೆ ನೀರು ಹುಳಿಯಾಗುವುದಿಲ್ಲ, ಕೈತಪ್ಪಿ ಸ್ವಲ್ಪ ಹೆಚ್ಚಾದರೂ ಮೀನಿಗಾಗಲಿ ದನಕ್ಕಾಗಲಿ ತೊಂದರೆಯಿಲ್ಲ. ಮನೆಯಲ್ಲಿ ಮೀನಿನ ಹೊಂಡ ಇದ್ದರೆ ನಾನು ಹೇಳುವುದು ಜಿಪ್ಸಂ ಅನ್ನೇ. ತೋಟಕ್ಕೆ ಹಾಕಲು ಹೇಗೂ ತರುತ್ತೀರಿ. ಅದನ್ನು ನೀರಿನಲ್ಲಿ ಕಲಸಿ ಎರಚಬೇಕು, ಚೀಲ ಸಮೇತ ಮೂಲೆಗೆ ಸುರಿದರೆ ಅಲ್ಲೇ ಕಲ್ಲಾಗಿ ಕೂರುತ್ತದೆ.

ಹೊಂಡಕ್ಕಲ್ಲದೆ ಒಂದೆರಡು ಬಕೆಟ್ ನೀರಿಗೆ ಹಿಂದಿನವರ ಮದ್ದು ಒಳ್ಳೆಯದು. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ಉಜ್ಜಿ ನೀರು ತುಂಬಿಡುವ ಪದ್ಧತಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕತಕವೆಂದು ಹೆಸರಿಸಿದ್ದು ಇದನ್ನೇ. ನಮ್ಮ ಹಿತ್ತಲಿನ ನುಗ್ಗೆ ಬೀಜವೂ ಇದೇ ಕೆಲಸ ಮಾಡುತ್ತದೆ. ಒಣಗಿದ ಬೀಜದ ಸಿಪ್ಪೆ ಸುಲಿದು, ಬಿಳಿ ತಿರುಳನ್ನು ಅರೆದು, ಲೋಟ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ ಹಾಕಬೇಕು. ಮಧ್ಯಮ ರಾಡಿಗೆ ಎರಡು ಲೀಟರಿಗೆ ಒಂದು ಬೀಜ, 20 ಲೀಟರಿನ ಬಕೆಟ್ಟಿಗೆ ಹತ್ತು. ಒಂದು ನಿಮಿಷ ಜೋರಾಗಿ, ಐದು ನಿಮಿಷ ಮೆಲ್ಲಗೆ ಕಲಕಿ ಎರಡು ಗಂಟೆ ಬಿಡಿ. ಆ ನೀರನ್ನು ಅಂದೇ ಮುಗಿಸಬೇಕು, ಇಟ್ಟರೆ ವಾಸನೆ ಬರುತ್ತದೆ. ಬಾಣಂತಿ ಹಸುವಿಗೆ, ಕರುವಿಗೆ ಇಷ್ಟು ಮಾಡಲು ಯಾರಿಗೂ ಕಷ್ಟವಿಲ್ಲ.

ಇನ್ನು ಮಾಡಬಾರದ್ದು. ನಮ್ಮಲ್ಲಿ ಅಡಿಕೆ ಇರುವ ಪ್ರತಿ ಮನೆಯಲ್ಲೂ ಮೈಲುತುತ್ತ ಇರುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಉಳಿದದ್ದನ್ನು "ಪಾಚಿ ಸಾಯಲಿ, ಬಸವನಹುಳು ಸಾಯಲಿ" ಎಂದು ಹೊಂಡಕ್ಕೆ ಎರಚುವ ಅಭ್ಯಾಸವನ್ನು ನೋಡಿದ್ದೇನೆ. ಒಬ್ಬ ಸದಸ್ಯರು ಸಂಜೆ ಹೀಗೆ ಮಾಡಿದರು, ಬೆಳಿಗ್ಗೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೆದು ನೀರಿನಲ್ಲಿ ತಾಮ್ರದ ವಿಷ ಬಹಳ ಹೆಚ್ಚು. ಕುರಿಗಳಿಗಂತೂ ತಾಮ್ರ ಹೆಚ್ಚಾದರೆ ಆಗಿಬರುವುದೇ ಇಲ್ಲ. ಡ್ರಮ್ಮು, ಪಂಪು ತೊಳೆದ ನೀರನ್ನೂ ಹೊಂಡದ ಕಡೆಗೆ ಬಿಡಬೇಡಿ.

ಪಾಚಿಯಲ್ಲೂ ಒಂದು ಬಗೆ ಅಪಾಯಕಾರಿ. ಗಾಳಿ ಬಡಿಯುವ ದಡದಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿ, ಕೆಟ್ಟ ವಾಸನೆ ಬಂದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ಜಾತಿಗಳ ವಿಷ ದನದ ಪಿತ್ತಜನಕಾಂಗಕ್ಕೆ, ನರಗಳಿಗೆ ತಗಲುತ್ತದೆ. ಗಂಟೆಗಳೊಳಗೆ ಸಾವೂ ಆಗಬಹುದು. ಇಂಥ ಪಾಚಿಗೆ ಮೈಲುತುತ್ತ ಹಾಕಿದರೆ ಪಾಚಿ ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಲೇ ನೀರಿಗೆ ಬರುತ್ತದೆ. ಆ ಹೊಂಡಕ್ಕೆ ಅಂದೇ ಬೇಲಿ ಕಟ್ಟಿ, ದನಕ್ಕೆ ಬೇರೆ ನೀರು ಕೊಟ್ಟು, ನಮಗೆ ತಿಳಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಬರಬೇಕು. ಪಟಿಕ ಹಾಕಿ ತಿಳಿ ಮಾಡಿದೆವು, ಮುಂದಿನ ಮಳೆಗೆ ಮತ್ತೆ ರಾಡಿ ಬಂದರೆ? ಖಂಡಿತ ಬರುತ್ತದೆ. ಆದ್ದರಿಂದಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಟಿಕಕ್ಕೆ ದುಡ್ಡು ಹಾಕಬೇಡಿ. ದೀಪಾವಳಿ ಕಳೆದು, ಮಳೆ ಪೂರ್ತಿ ನಿಂತು, ಹರಿದು ಬರುವ ನೀರು ಬಂದಾದ ಮೇಲೆ ಒಮ್ಮೆ ಮಾಡಿದರೆ ಬೇಸಗೆ ಕಳೆಯುತ್ತದೆ. ಅದಕ್ಕಿಂತ ಮೊದಲು ಮಣ್ಣು ಎಲ್ಲಿಂದ ಬರುತ್ತಿದೆ ಎಂದು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿ. ಗುಡ್ಡ ಕಡಿದ ಜಾಗ, ಹೆದ್ದಾರಿ ಬದಿಯ ಮಣ್ಣಿನ ರಾಶಿ, ಮನೆ ಕಟ್ಟಲು ಸಪಾಟು ಮಾಡಿದ ಅಂಗಳ, ಹೊಸದಾಗಿ ಏರಿಸಿದ ದಂಡೆ, ಇವುಗಳಲ್ಲಿ ಒಂದಿರುತ್ತದೆ. ನೀರು ಹೊಂಡಕ್ಕೆ ಇಳಿಯುವ ಬಾಯಿಯ ಮುಂದೆ ಆರಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳದ ಹೂಳುಗುಂಡಿ ತೋಡಿ. ನೀರು ಅದರಲ್ಲಿ ನಿಂತು, ಮೇಲಿನಿಂದ ಉಕ್ಕಿ ಹೊಂಡಕ್ಕೆ ಹೋಗಲಿ. ಆ ಗುಂಡಿಯ ಹೂಳನ್ನು ವರ್ಷಕ್ಕೊಮ್ಮೆ ತೆಗೆದು ತೆಂಗಿನ ಬುಡಕ್ಕೆ ಹಾಕಿ. ದಂಡೆಗೆ ಗರಿಕೆ ಅಥವಾ ಲಾವಂಚ ನೆಡಿ. ಹೈಬ್ರಿಡ್ ನೇಪಿಯರ್ ಹುಲ್ಲನ್ನು ದಂಡೆಯ ಹೊರಬದಿಗೆ ನೆಟ್ಟರೆ ಮಣ್ಣೂ ನಿಲ್ಲುತ್ತದೆ, ಮೇವೂ ಆಗುತ್ತದೆ. ಬರಿ ದಂಡೆಯ ಮೇಲೆ ಬಿದ್ದ ಪ್ರತಿ ಹನಿಯೂ ಒಂದಿಷ್ಟು ಜೇಡಿ ಎಬ್ಬಿಸಿ ಹೊಂಡಕ್ಕೆ ಒಯ್ಯುತ್ತದೆ.

ದನವನ್ನು ಹೊಂಡಕ್ಕೆ ಇಳಿಸದಿರುವುದು ಎಲ್ಲಕ್ಕಿಂತ ಮುಖ್ಯ. ಇದು ನೀರಿನ ಬಣ್ಣದ ಪ್ರಶ್ನೆ ಅಷ್ಟೇ ಅಲ್ಲ. ಕೆಸರಿನಲ್ಲಿ ನಿಂತ ಹಸುವಿನ ಮೊಲೆತೊಟ್ಟಿಗೆ ರೋಗಾಣು ಮೆತ್ತಿಕೊಂಡು ಕೆಚ್ಚಲು ಬಾವು ಬರುತ್ತದೆ, ಗೊರಸು ಕೊಳೆಯುತ್ತದೆ. ಹೊಂಡದ ಬಸವನಹುಳುವಿನಿಂದ ಹೊರಬರುವ ಚಪ್ಪಟೆಹುಳುವಿನ ಮರಿಗಳು ದಡದ ಹುಲ್ಲಿಗೆ ಅಂಟಿಕೊಂಡಿರುತ್ತವೆ. ಅದನ್ನು ಮೇಯ್ದ ದನ ಸೊರಗಿ, ಭೇದಿಯಾಗಿ, ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಬರುತ್ತದೆ. ಗೊರಕೆ ರೋಗದ ಹುಳುವಂತೂ ನೀರಿನಲ್ಲಿ ನಿಂತ ದನದ ಚರ್ಮವನ್ನೇ ತೂರಿ ಒಳಸೇರುತ್ತದೆ. ಇಲಿ ಜ್ವರದ ರೋಗಾಣು ಇಲಿಯ ಮೂತ್ರದಿಂದ, ಸೋಂಕಿದ ದನದ ಗಂಜಲದಿಂದ ನೀರು ಸೇರುತ್ತದೆ. ಹಸು ಕಂದು ಹಾಕಬಹುದು. ಕಾಲಿನಲ್ಲಿ ಗಾಯ ಇಟ್ಟುಕೊಂಡು ಅದೇ ನೀರಿಗೆ ಇಳಿದ ಮನುಷ್ಯನಿಗೂ ಜೀವಾಪಾಯ. ತಾಯಂದಿರು ಬರಿಗಾಲಿನಲ್ಲಿ ಹುಲ್ಲು ತೊಳೆಯಲು ಇಳಿಯುವಾಗ ಇದನ್ನು ನೆನಪಿಡಬೇಕು. ಈ ಯಾವ ರೋಗವೂ ನೀರು ತಿಳಿಯಾದ ಮಾತ್ರಕ್ಕೆ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನೀರು ಗಾಜಿನಂತಾದರೆ ತಳದವರೆಗೆ ಬಿಸಿಲು ಹೋಗಿ ಕಳೆ ಬೆಳೆಯುತ್ತದೆ, ಕಳೆಯಲ್ಲಿ ಬಸವನಹುಳು ಹೆಚ್ಚುತ್ತದೆ. ಹಾಗಾಗಿ ಅತಿ ತಿಳಿಯ ಆಸೆಯೂ ಬೇಡ. ಒಂದು ಸ್ಟೀಲ್ ತಟ್ಟೆಯನ್ನು ದಾರಕ್ಕೆ ಕಟ್ಟಿ ಇಳಿಸಿ. ಒಂದರಿಂದ ಒಂದೂವರೆ ಅಡಿ ಆಳದವರೆಗೆ ತಟ್ಟೆ ಕಂಡರೆ ಸಾಕು.

ಹೊಂಡಕ್ಕೆ ಬೇಲಿ ಹಾಕಿ, ಪಂಪಿನಿಂದಲೋ ಕೊಡದಿಂದಲೋ ನೀರನ್ನು ಕೊಟ್ಟಿಗೆಯ ಮರಿಗೆಗೆ ತನ್ನಿ. ಪಂಪಿನ ಪೈಪಿನ ಬಾಯಿ ತಳ ಮುಟ್ಟದಿರಲಿ. ಖಾಲಿ ಕ್ಯಾನಿಗೆ ಕಟ್ಟಿ ಮೇಲ್ಮೈಯಿಂದ ಎರಡಡಿ ಕೆಳಗೆ ತೇಲುವಂತೆ ಮಾಡಿದರೆ ಅರ್ಧ ರಾಡಿ ಅಲ್ಲೇ ತಪ್ಪುತ್ತದೆ.

ಹಾಲಿನ ಪಾತ್ರೆಯ ಮಾತು ಬೇರೆ. ಹೊಂಡದ ನೀರು ಎಷ್ಟೇ ತಿಳಿಯಿದ್ದರೂ ಅದರಿಂದ ಕ್ಯಾನು ಗಲಬರಿಸಬೇಡಿ, ಕೆಚ್ಚಲು ತೊಳೆಯಬೇಡಿ. ಸಂಜೆಯ ಹಾಲು ಬೇಗ ಹುಳಿಯಾಗಿ ವಾಪಸು ಬಂದ ಪ್ರಕರಣಗಳಲ್ಲಿ ವಿಚಾರಿಸುತ್ತಾ ಹೋದರೆ ಅನೇಕ ಸಲ ಕೊನೆಗೆ ಸಿಗುವುದು ತೊಳೆದ ನೀರೇ. ಒಂದು ಮನೆಯ ಹಾಲು ಕೆಟ್ಟರೆ ಇಡೀ ಸಂಘದ ಕ್ಯಾನು ಕೆಡುತ್ತದೆ. ಬಾವಿ ನೀರು ಇಲ್ಲದ ದಿನಗಳಲ್ಲಿ ಹೊಂಡದ ನೀರನ್ನು ತೊಟ್ಟಿಯಲ್ಲಿ ತಿಳಿ ಮಾಡಿ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ, ಒಂದು ಗಂಟೆ ಬಿಟ್ಟು ದನಕ್ಕೆ ಬಳಸಿ. ಪಾತ್ರೆಗೆ ಕುದಿಸಿದ ನೀರೇ ಆಗಬೇಕು. ರಾಡಿ ನೀರಿಗೆ ಬ್ಲೀಚಿಂಗ್ ಹಾಕಿದರೆ ಅದರ ಶಕ್ತಿಯನ್ನು ಮಣ್ಣು ಮತ್ತು ಕೊಳೆಯೇ ತಿಂದುಬಿಡುತ್ತದೆ, ಆದ್ದರಿಂದ ತಿಳಿ ಮೊದಲು, ಬ್ಲೀಚಿಂಗ್ ನಂತರ. ನಮ್ಮ ಕಡಲ ಗಾಳಿಗೆ ಬಾಯಿ ಬಿಚ್ಚಿದ ಪೌಡರ್ ಚೀಲ ಬೇಗ ಸತ್ವ ಕಳೆದುಕೊಳ್ಳುತ್ತದೆ. ಸಣ್ಣ ಪೊಟ್ಟಣ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಜಂತುಹುಳುವಿನ ಔಷಧಿಯನ್ನು ಮಳೆಗಾಲದ ಮೊದಲು ಮತ್ತು ನಂತರ ಎರಡು ಸಲ ಕೊಡಿಸಿ. ಚಪ್ಪಟೆಹುಳುವಿಗೆ ಎಲ್ಲ ಔಷಧಿಯೂ ನಾಟುವುದಿಲ್ಲ, ಕೆಲವನ್ನು ಕರೆಯುವ ಹಸುವಿಗೆ ಕೊಟ್ಟರೆ ಕೆಲವು ದಿನ ಹಾಲು ಹಾಕುವಂತಿಲ್ಲ. ಆದ್ದರಿಂದ ಅಂಗಡಿಯಿಂದ ತಾವೇ ತಂದು ಕುಡಿಸದೆ, ಸಗಣಿ ಪರೀಕ್ಷೆ ಮಾಡಿಸಿ ಪಶುವೈದ್ಯರನ್ನು ಕೇಳಿ.

ಇವತ್ತು ನಾಲ್ಕೈದು ಮಂದಿ ನಾನು ಹೇಳಿಕಳುಹಿಸಿದಂತೆ ತಮ್ಮ ಹೊಂಡದ ನೀರನ್ನು ಬಾಟಲಿಯಲ್ಲಿ ತಂದಿದ್ದಾರೆ. ಪಟಿಕದ ನೀರು, ಸುಣ್ಣದ ನೀರು, ಸಿರಿಂಜು ಈ ಮೇಜಿನ ಮೇಲಿವೆ. ಚಹಾ ಕುಡಿದು ಬನ್ನಿ, ಒಂದೊಂದಾಗಿ ಹಾಕಿ ನೋಡೋಣ. ಪ್ರಶ್ನೆಗಳಿದ್ದರೆ ಆಗಲೇ ಕೇಳಿ.